ಪುಪ್ಪುಸದ ಶಸ್ತ್ರಚಿಕಿತ್ಸೆಯೂ ಧೂಮಪಾನವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ರೋಗಿಯೊಬ್ಬನ ಪುಪ್ಪುಸದಲ್ಲಿ ಅರ್ಬುದ ಗಡ್ಡೆಯಿದ್ದು, ಆ ಭಾಗವನ್ನು ಕತ್ತರಿಸಿ ತೆಗೆಯಬೇಕೆಂದು ವೈದ್ಯರು ನಿಶ್ಚಯಿಸಿದರೆನ್ನಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೊರಟ ಆತನು ರಾತ್ರಿಯ ಬಸ್ಸನ್ನೇರುವ ಮುನ್ನ ಕಡೆಯದೊಂದು ಬೀಡಿಯನ್ನು ಹಚ್ಚುತ್ತಾನೆ. ಇಷ್ಟು ವರ್ಷ ಸೇದಿದ ಮೇಲೆ ಈಗ ಬಿಟ್ಟು ಪ್ರಯೋಜನವೇನು ಎಂಬುದು ಅವನ ಪ್ರಶ್ನೆ. ಉತ್ತರದ ಒಂದಂಶವನ್ನು ವಿದ್ಯಾರ್ಥಿಗಳೇ ಲೆಕ್ಕಹಾಕಬಹುದು.

ಬೀಡಿಯ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡು ಇರುವುದಷ್ಟೆ. ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಈ ಅನಿಲದ ಮೇಲೆ 200 ಪಟ್ಟಿಗೂ ಮಿಕ್ಕ ಆಕರ್ಷಣೆಯುಂಟು. ಬಹಳವಾಗಿ ಸೇದುವವನ ಹಿಮೊಗ್ಲೋಬಿನ್ನಿನಲ್ಲಿ ನೂರಕ್ಕೆ 8 ಭಾಗ ಹೀಗೆ ಸೆರೆಯಾಗಿರಬಹುದು. ಸೇದುವುದನ್ನು ನಿಲ್ಲಿಸಿದರೆ ಈ ಪ್ರಮಾಣವು ಸುಮಾರು 4 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ವಿಕಿರಣಶೀಲ ಧಾತುವಿನ ಅರ್ಧಾಯುಷ್ಯದ ಗಣಿತವೇ ಇಲ್ಲಿಯೂ. 12 ಗಂಟೆಗಳಲ್ಲಿ 8 ಇದ್ದುದು 4, 2, 1 ಆಯಿತು. (ನಿದ್ರೆಯಲ್ಲಿ ಉಸಿರು ಮಂದವಾಗುವುದರಿಂದ ಕೊಂಚ ತಡವಾದೀತು.) ಒಂದು ರಾತ್ರಿಯ ಪ್ರಯಾಣದಲ್ಲಿ ಇಷ್ಟು ಲಾಭ! ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಅನೇಕ ವೇಳೆ ಒಂದೇ ಪುಪ್ಪುಸಕ್ಕೆ ಉಸಿರನ್ನು ಕೊಡುವುದರಿಂದ ಇದು ಅಲ್ಪವಲ್ಲ.

ಆದರೆ ಶ್ವಾಸನಾಳಗಳ ಒಳಮೈಯ ಸೂಕ್ಷ್ಮ ರೋಮಗಳು ಇಷ್ಟು ಬೇಗ ಚೇತರಿಸಿಕೊಳ್ಳಲಾರವು. ಕಫವನ್ನೂ ಧೂಳನ್ನೂ ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಹೊಗೆಯಿಂದ ಅವು ಕುಂಠಿತವಾದರೆ ಕಫ ನಿಂತು, ಶಸ್ತ್ರಚಿಕಿತ್ಸೆಯ ತರುವಾಯ ನ್ಯುಮೋನಿಯಕ್ಕೆ ಎಡೆಯಾಗುತ್ತದೆ. ಆದಕಾರಣ ನಾಲ್ಕು ವಾರಗಳ ಮುಂಚೆಯಾದರೂ ಬಿಡಬೇಕೆಂದು ವೈದ್ಯರ ಸಲಹೆ. ತೀರ ಸಮೀಪದಲ್ಲಿ ಬಿಟ್ಟರೆ ಕಫ ಹೆಚ್ಚಿ ಕೇಡಾಗುವುದೆಂಬ ಹಳೆಯ ಶಂಕೆಯೊಂದಿತ್ತು. ಮುಂದಿನ ಪರಿಶೀಲನೆಗಳು ಅದನ್ನು ಸಮರ್ಥಿಸಲಿಲ್ಲ. ಹೀಗಿರಲು, ದಿನ ಕಳೆದುಹೋಯಿತೆಂದು ಸೇದುತ್ತಲೇ ಇರುವುದಕ್ಕೆ ಆಧಾರವಿಲ್ಲ. ಗಡ್ಡೆಯನ್ನು ತೆಗೆಯುವುದನ್ನು ಇದಕ್ಕಾಗಿ ಬಹುಕಾಲ ಮುಂದೂಡುವುದೂ ತರವಲ್ಲ.

ಅರ್ಬುದರೋಗಿಯೊಬ್ಬನ ಒಂದಿಡೀ ಪುಪ್ಪುಸವನ್ನು ಒಂದೇ ಸಲಕ್ಕೆ ತೆಗೆದು ಅವನನ್ನು ಉಳಿಸಿದ ಮೊದಲ ಕೀರ್ತಿ ಅಮೆರಿಕದ ಸೇಂಟ್ ಲೂಯಿಸ್ಸಿನ ಎವಾರ್ಟ್ಸ್ ಗ್ರಹಾಮರದು. ಅದು 1933ರ ಮಾತು. ಆ ರೋಗಿ ಹಲವು ದಶಕ ಬದುಕಿದನು. ಗ್ರಹಾಮರು ಸ್ವತಃ ಸಿಗರೇಟು ಸೇದುತ್ತಿದ್ದರು. ತಂಬಾಕೇ ಕಾರಣವೆಂಬುದನ್ನು ಮೊದಲು ನಂಬಲೂ ಇಲ್ಲ. ವೈಂಡರರೊಡನೆ 1950ರಲ್ಲಿ ಪ್ರಕಟಿಸಿದ ತಮ್ಮದೇ ಸಂಶೋಧನೆ ಅವರ ಮನಸ್ಸನ್ನು ತಿರುಗಿಸಿತು. ಅವರು ಸೇದುವುದನ್ನು ಬಿಟ್ಟರೂ 1957ರಲ್ಲಿ ಅದೇ ರೋಗದಿಂದ ತೀರಿಕೊಂಡರು.

ಶಸ್ತ್ರಚಿಕಿತ್ಸೆಯ ಅನಂತರವೂ ಬೀಡಿಯನ್ನು ದೂರವಿಡಬೇಕು. ನಿಕೋಟಿನ್ ಕಿರಿಯ ರಕ್ತನಾಳಗಳನ್ನು ಸಂಕುಚಿಸುವುದರಿಂದ, ಸೇದುವವನ ಗಾಯಕ್ಕೆ ಆಮ್ಲಜನಕ ಸಾಲದೆ ಮಾಯುವುದು ನಿಧಾನ. ಉಳಿದ ಭಾಗದಲ್ಲಿ ಮತ್ತೊಂದು ಗಡ್ಡೆ ಹುಟ್ಟುವ ಅಪಾಯವೂ ಹೆಚ್ಚುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧವಾಗುತ್ತದಾದರೂ ಅದರ ಹಂಬಲಕ್ಕೆ ಇಂಥ ಸೂತ್ರವಿಲ್ಲ. ಅದು ಮೊದಲ ವಾರದಲ್ಲಿ ತೀವ್ರವಾಗಿದ್ದು, ಬಳಿಕ ವಾರಗಟ್ಟಲೆ ಮರುಕಳಿಸುವುದು. ಆ ಮೊದಲ ದಿನಗಳು ಆಸ್ಪತ್ರೆಯಲ್ಲಿ ಹೇಗೋ ಕಳೆಯುತ್ತವೆ; ನಿಜವಾದ ಕಷ್ಟ ಊರಿಗೆ ಮರಳಿ ಚಹಾದಂಗಡಿಯ ಕಟ್ಟೆಯಲ್ಲಿ ಗೆಳೆಯರ ನಡುವೆ ಕುಳಿತಾಗ. ಅಂಥವರು 1800-11-2356 ಎಂಬ ಉಚಿತ ದೂರವಾಣಿಗೆ ಕರೆಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.