ಬಗ್ಗುವ ಸೌರ ಹಾಳೆ



ಸೋಲಾರ್ ಫಲಕವನ್ನು ತಾವೆಲ್ಲರೂ ನೋಡಿರುವಿರಿ. ಅದರೊಳಗೆ ಸಿಲಿಕಾನ್ ಎಂಬ ವಸ್ತುವಿನ ತೆಳುವಾದ ಬಿಲ್ಲೆಗಳಿರುತ್ತವೆ. ಬಿಸಿಲು ಬಿದ್ದೊಡನೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆದರೆ ಬಗ್ಗಿಸಿದರೆ ಬಿಲ್ಲೆ ಒಡೆಯುತ್ತದೆ. ಆದುದರಿಂದಲೇ ಗಾಜು ಮತ್ತು ಚೌಕಟ್ಟಿನ ರಕ್ಷಣೆ ಬೇಕು. ಮನೆಗೆ ಹಾಕುವ ಒಂದು ಫಲಕ ಸುಮಾರು 20 ಕಿಲೋ ತೂಗುತ್ತದೆ. ಹಳೆಯ ಹೆಂಚಿನ ಮಾಡು ಇಂಥ ಹಲವು ಫಲಕಗಳನ್ನು ಹೊರುವುದು ಕಷ್ಟ.

ಇದಕ್ಕೆ ಉಪಾಯವೇನು? ವಿದ್ಯುತ್ತು ಹುಟ್ಟಿಸುವ ವಸ್ತುವನ್ನು ಶಾಯಿಯಂತೆ ದ್ರವ ಮಾಡಿ, ಪತ್ರಿಕೆ ಅಚ್ಚು ಹಾಕುವಂತೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬಳಿಯುವುದು. ಪೆರೋವ್‌ಸ್ಕೈಟ್ ಅಂಥ ಒಂದು ವಸ್ತು. ಸೌರಕೋಶದಲ್ಲಿ ಅದರ ಬಳಕೆಯನ್ನು ಜಪಾನಿನ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು. ಕೂದಲಿಗಿಂತ ಎಷ್ಟೋ ತೆಳುವಾದ ಲೇಪವೇ ಸಾಕು.

ಈ ಕೆಲಸ ಒಬ್ಬರಿಂದಾಗುವುದಲ್ಲ. ರಸಾಯನ ಬಲ್ಲವರು ಶಾಯಿ ಮಾಡಬೇಕು. ಯಂತ್ರ ಬಲ್ಲವರು ಅಚ್ಚು ಹಾಕಬೇಕು. ಮತ್ತೊಬ್ಬರು ಬಾಳಿಕೆ ಪರೀಕ್ಷಿಸಬೇಕು. ಹೀಗೆ ಕೂಡಿ ದುಡಿಯಲೆಂದೇ 2012ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅಮೆರಿಕದ ಕೊಲರಾಡೋ ರಾಜ್ಯದ ರಾಷ್ಟ್ರೀಯ ಶಕ್ತಿ ಪ್ರಯೋಗಾಲಯವೂ ಮುಂದಾಳಾಗಿ, ಎರಡು ದೇಶಗಳ ವಿಶ್ವವಿದ್ಯಾನಿಲಯಗಳನ್ನು ಸೇರಿಸಿಕೊಂಡು ಸೌರ ಸಂಶೋಧನೆ ಆರಂಭಿಸಿದವು. ಬಗ್ಗುವ ತಳದ ಕೋಶಗಳೂ, ಧೂಳು ಬಿಸಿಲುಗಳಲ್ಲಿ ಫಲಕದ ಬಾಳಿಕೆಯೂ ಅದರ ವಿಷಯಗಳಾಗಿದ್ದವು.

ಒಂದು ತೊಡಕುಂಟು. ತೇವ ತಾಗಿದರೆ ಪೆರೋವ್‌ಸ್ಕೈಟ್ ಕೆಡುತ್ತದೆ. ಶಾಖವೂ ಅದಕ್ಕೆ ಶತ್ರು. ನಮ್ಮ ಮಳೆಗಾಲ, ಬೇಸಗೆಗಳೆರಡನ್ನೂ ಅದು ವರ್ಷಾನುಗಟ್ಟಲೆ ತಾಳಬೇಕು.

ಆದುದರಿಂದ ಯಾರಾದರೂ ಹಗುರವಾದ ಸೌರ ಹಾಳೆ ಮಾರಲು ಬಂದರೆ ಅವಸರಪಡಬೇಡಿ. ಸಿಲಿಕಾನ್ ಫಲಕಕ್ಕೆ ಸಾಮಾನ್ಯವಾಗಿ 25 ವರ್ಷಗಳ ಖಾತರಿ ಕೊಡುತ್ತಾರೆ. ಈ ಹಾಳೆಗೆ ಎಷ್ಟು ವರ್ಷ? ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬಳಿಕ ಹಣ ಕೊಡಿರಿ.