ದೇಹ, ಪ್ರಾಣ, ಆತ್ಮ: ಯೇಸುವಿನ ಮಾನವತ್ವದ ಪ್ರಶ್ನೆ

ಮಾನವನಲ್ಲಿರುವ ಅಂಶಗಳೆಷ್ಟು ಎಂಬ ಪ್ರಶ್ನೆ ಅನೇಕ ಮತಗಳ ತತ್ತ್ವಚಿಂತನೆಯಲ್ಲಿ ಬಂದಿದೆ. ಕ್ರೈಸ್ತಮತದಲ್ಲಿ ಇದಕ್ಕೆ ಒಂದು ವೈಶಿಷ್ಟ್ಯವುಂಟು. ದೇವರೇ ಮಾನವನಾಗಿ ಹುಟ್ಟಿದನೆಂಬುದು ಅಲ್ಲಿಯ ನಂಬಿಕೆ. ಆದುದರಿಂದ ಮಾನವನಲ್ಲಿ ಏನೇನಿದೆ ಎಂಬುದೂ, ಯೇಸು ಯಾವ ಅರ್ಥದಲ್ಲಿ ಮಾನವನು ಎಂಬುದೂ ಒಂದೇ ವಿಚಾರದ ಎರಡು ಮುಖಗಳಾದುವು. ನಾಲ್ಕನೆಯ ಶತಮಾನದ ಒಂದು ವಿವಾದದ ಮೂಲಕ ಇದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಪದಗಳ ವಿಚಾರ. ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸಿ, ಮೂಗಿನಲ್ಲಿ ಉಸಿರನ್ನು ಊದಿ ಜೀವಿಯನ್ನಾಗಿ ಮಾಡಿದನೆಂದು ಆದಿಕಾಂಡ ಹೇಳುತ್ತದೆ. ಅಲ್ಲಿ ಬರುವ ‘ನೆಫೆಶ್’ ಎಂಬ ಹೀಬ್ರೂ ಪದಕ್ಕೆ ದೇಹದಿಂದ ಬೇರೆಯಾದ ಒಂದು ವಸ್ತುವೆಂಬುದಕ್ಕಿಂತ ಬದುಕಿರುವ ಇಡೀ ವ್ಯಕ್ತಿ ಎಂಬ ಅರ್ಥವೇ ಹೆಚ್ಚು ಹೊಂದುತ್ತದೆ. ಹೊಸ ಒಡಂಬಡಿಕೆಯ ಭಾಷೆ ಗ್ರೀಕ್. ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರದ ಕೊನೆಯಲ್ಲಿ ಪೌಲನು ಪ್ನ್ಯೂಮ, ಪ್ಸೂಖೆ, ಸೋಮ ಎಂಬ ಮೂರನ್ನೂ ಒಟ್ಟಿಗೆ ಹೇಳುತ್ತಾನೆ. ಕನ್ನಡ ಬೈಬಲಿನಲ್ಲಿ ಇವು ಆತ್ಮ, ಪ್ರಾಣ, ಶರೀರ ಎಂದಾಗಿವೆ. ಇದರ ಆಧಾರದ ಮೇಲೆ ಮಾನವನಲ್ಲಿ ಮೂರು ಅಂಶಗಳಿವೆಯೆಂದು ಕೆಲವರು ವಾದಿಸಿದರು. ಪ್ರಾಣವೂ ಆತ್ಮವೂ ಒಂದೇ ತತ್ತ್ವದ ಎರಡು ಹೆಸರುಗಳು, ಅಂಶಗಳು ಎರಡೇ ಎಂದು ಇತರರು ಹೇಳಿದರು. ಇಲ್ಲಿ ಕನ್ನಡ ವಾಚಕರು ಒಂದನ್ನು ಗಮನಿಸಬೇಕು. ವೇದಾಂತದ ಆತ್ಮ ಹುಟ್ಟುಸಾವಿಲ್ಲದುದು. ಕ್ರೈಸ್ತರು ಹೇಳುವ ಮಾನವನ ಆತ್ಮ ದೇವರಿಂದ ಸೃಷ್ಟಿಯಾದುದು. ಹೆಸರು ಒಂದಾದರೂ ಅರ್ಥ ಒಂದಲ್ಲ.

ಇನ್ನು ವಿವಾದ. ಮಗನು ತಂದೆಯೊಡನೆ ಒಂದೇ ಸತ್ತ್ವವುಳ್ಳವನೆಂದು 325ರಲ್ಲಿ ನೈಸೀಯದ ಸಭೆ ಸಾರಿತು. ಹಾಗಾದರೆ ಪೂರ್ಣದೇವನಾದವನು ಮಾನವನೂ ಆದುದು ಹೇಗೆ? ಸಿರಿಯಾದ ಲವೊದಿಕೀಯದ ಬಿಷಪ್ ಅಪೊಲಿನಾರಿಸನು ಇದಕ್ಕೆ ಒಂದು ಉತ್ತರ ಕೊಟ್ಟನು. ಅವನು ನೈಸೀಯದ ನಿರ್ಣಯವನ್ನು ಎತ್ತಿಹಿಡಿದ ವಿದ್ವಾಂಸ. ಅವನ ವಾದದ ಸಾರವಿಷ್ಟು: ಪೂರ್ಣವಾದ ಎರಡು ವಸ್ತುಗಳು ಸೇರಿ ನಿಜವಾಗಿ ಒಂದಾಗಲಾರವು, ಮಾನವನ ಬುದ್ಧಿಯೋ ಚಂಚಲವಾದುದು, ಪಾಪಕ್ಕೆ ವಶವಾಗತಕ್ಕದ್ದು. ಆದುದರಿಂದ ಕ್ರಿಸ್ತನಲ್ಲಿ ಶರೀರವೂ ಅದನ್ನು ಬದುಕಿಸುವ ಪ್ರಾಣವೂ ಮಾನವನವು; ಆಲೋಚಿಸಿ ನಿರ್ಧರಿಸುವ ಆತ್ಮದ ಸ್ಥಾನದಲ್ಲಿ ಮಾತ್ರ ದೇವರ ವಾಕ್ಯವೇ ನೆಲೆಸಿತ್ತು.

ಈ ವಾದದಿಂದ ಯೇಸುವಿನ ನಿಷ್ಪಾಪತೆಯೂ ಉಳಿಯಿತು, ವ್ಯಕ್ತಿತ್ವದ ಏಕತೆಯೂ ಉಳಿಯಿತು. ಆದರೆ ಮಾನವತ್ವ ಉಳಿಯಿತೇ? ಬಾಲಕ ಯೇಸು ಜ್ಞಾನದಲ್ಲಿ ಬೆಳೆದನೆಂದು ಲೂಕನು ಬರೆದಿದ್ದಾನೆ. ಗೆತ್ಸೇಮನೆಯಲ್ಲಿ ಆತನು ಮರಣವನ್ನು ನೆನೆದು ಕಳವಳಪಟ್ಟು, ಕೊನೆಗೆ ತನ್ನ ಇಚ್ಛೆಯನ್ನು ತಂದೆಯ ಇಚ್ಛೆಗೆ ಒಪ್ಪಿಸುತ್ತಾನೆ. ದೇವರ ಜ್ಞಾನ ಬೆಳೆಯಬೇಕಾಗಿಲ್ಲ. ಬರಿಯ ಶರೀರಕ್ಕೆ ಇಚ್ಛೆಯೆಂಬುದಿಲ್ಲ. ಮಾನವಬುದ್ಧಿ ಇಲ್ಲದಿದ್ದರೆ ಕಲಿತವರಾರು, ಕಳವಳಪಟ್ಟವರಾರು?

ನಾಜಿಯಾಂಜಸ್ಸಿನ ಗ್ರೆಗರಿ ಇನ್ನೂ ಮುಂದೆ ಹೋದನು. ಕ್ಲೆಡೋನಿಯಸನಿಗೆ ಬರೆದ ಪತ್ರದಲ್ಲಿ ಅವನು ಹೇಳುವ ತಾತ್ಪರ್ಯವೆಂದರೆ, ಕ್ರಿಸ್ತನು ಮಾನವನ ಯಾವ ಅಂಶವನ್ನು ಧರಿಸಲಿಲ್ಲವೋ ಆ ಅಂಶಕ್ಕೆ ಗುಣವಾಗಲಿಲ್ಲ. ಆಜ್ಞೆಯನ್ನು ಕೇಳಿಯೂ ಮೀರಿದ್ದು ಆದಾಮನ ಬುದ್ಧಿಯೇ ಸರಿ. ರೋಗ ತಲೆಯಲ್ಲಿರುವಾಗ ಕಾಲಿಗೆ ಮದ್ದು ಹಚ್ಚಿದರೆ ಫಲವೇನು? ಪಾಪಕ್ಕೆ ವಶವಾಗುವುದೆಂದು ಅಪೊಲಿನಾರಿಸನು ಬಿಟ್ಟ ಬುದ್ಧಿಯನ್ನು, ಅದೇ ಕಾರಣದಿಂದ ಬಿಡಕೂಡದೆಂದು ಗ್ರೆಗರಿ ಹೇಳಿದನು.

381ರಲ್ಲಿ ಕಾನ್‌ಸ್ಟಾಂಟಿನೋಪಲಿನ ಸಭೆ ಅಪೊಲಿನಾರಿಸನ ಮತವನ್ನು ಖಂಡಿಸಿತು. ಕ್ರಿಸ್ತನಿಗೆ ವಿವೇಕವುಳ್ಳ ಆತ್ಮವೂ ದೇಹವೂ ಇದ್ದುವೆಂದೂ, ದೈವ ಮಾನವ ಸ್ವಭಾವಗಳೆರಡೂ ಬೆರಕೆಯಾಗದೆ, ಬೇರ್ಪಡದೆ ಆತನೊಬ್ಬನಲ್ಲಿಯೇ ಇವೆಯೆಂದೂ 451ರಲ್ಲಿ ಕ್ಯಾಲ್ಸಿಡನ್ ಸಭೆ ನಿರ್ಣಯಿಸಿತು. ‘ಎರಡು ಸ್ವಭಾವ’ ಎಂಬ ಮಾತನ್ನು ಈಜಿಪ್ಟಿನ ಕಾಪ್ಟಿಕ್ ಸಭೆಯೂ ಸಿರಿಯನ್ ಆರ್ಥೊಡಾಕ್ಸ್ ಸಭೆಯೂ ಒಪ್ಪಲಿಲ್ಲ. ಆದರೂ ಯೇಸುವಿನ ಪೂರ್ಣ ಮಾನವತ್ವವನ್ನು ಅವರು ಅಲ್ಲಗಳೆಯಲಿಲ್ಲ. 1973ರಲ್ಲಿ ಪೋಪ್ ಆರನೆಯ ಪಾಲ್ ಮತ್ತು ಕಾಪ್ಟಿಕ್ ಸಭೆಯ ಪೋಪ್ ಮೂರನೆಯ ಶೆನೂದಾ ಇಬ್ಬರೂ ಯೇಸು ಪೂರ್ಣದೇವನೂ ಪೂರ್ಣಮಾನವನೂ ಅಹುದೆಂದು ಕೂಡಿ ಸಾರಿದರು.

ಅಂಶಗಳು ಎರಡೋ ಮೂರೋ ಎಂಬ ಎಣಿಕೆಯನ್ನು ಈ ಸಭೆಗಳು ಮುಖ್ಯವೆಂದು ಭಾವಿಸಲಿಲ್ಲ. ಯೇಸುವಿನಲ್ಲಿ ಒಂದೂ ಕೊರತೆಯಾಗಬಾರದೆಂಬುದೇ ಅವುಗಳ ಆಗ್ರಹವಾಗಿತ್ತು. ನಂಬುವವರಿಗೆ ಇದು ಮುಕ್ತಿಯ ವಿಷಯ. ನಂಬದವರಿಗೂ ಇದರಲ್ಲಿ ಗ್ರಹಿಸತಕ್ಕ ಅಂಶವಿದೆ. ಕಲಿಯುವುದು, ಕಳವಳಪಡುವುದು, ಇಚ್ಛೆಯನ್ನು ತಿದ್ದಿಕೊಳ್ಳುವುದು, ಇವು ಮಾನವನಿಗೆ ಅಂಟಿದ ಕಲಂಕಗಳಲ್ಲ, ಅವನ ಸ್ವರೂಪವೇ ಎಂಬುದು ಆ ನಿರ್ಣಯದಲ್ಲಿ ಅಡಗಿದೆ.