ಕಣಗಿಲೆಯ ಹಸಿರು ಪತಂಗ

ಮಳೆಗಾಲದ ರಾತ್ರಿ ಪುಣೆಯ ಮನೆಗಳ ದೀಪದ ಬಳಿ ದೊಡ್ಡ ಹಸಿರು ಪತಂಗವೊಂದು ಬಂದು ಕುಳಿತರೆ ಮಕ್ಕಳು ಬೆರಗಾಗುತ್ತಾರೆ, ಹಿರಿಯರು ಪೊರಕೆ ಹುಡುಕುತ್ತಾರೆ. ಅದು ಹೆಚ್ಚಾಗಿ ಕಣಗಿಲೆಯ ಪತಂಗ. ಶಾಸ್ತ್ರೀಯ ನಾಮ ಡಾಫ್ನಿಸ್ ನೇರಿಯೈ. ರೆಕ್ಕೆಗಳ ಹರವು ಸುಮಾರು 9ರಿಂದ 11 ಸೆಂಟಿಮೀಟರ್. ಹಸಿರಿನ ನಡುವೆ ಬಿಳಿ, ತಿಳಿಗುಲಾಬಿ ಮತ್ತು ನೇರಿಳೆ ಛಾಯೆಗಳು ಅಮೃತಶಿಲೆಯ ಗೆರೆಗಳಂತೆ ಹರಡಿರುತ್ತವೆ.

ಇದನ್ನೇ ಹೋಲುವ ಇನ್ನೊಂದು ಜಾತಿ ಡಾಫ್ನಿಸ್ ಹೈಪೋಥಸ್. ಇದರ ಬಣ್ಣ ತುಸು ಗಾಢ. ಆದರೆ ಬಣ್ಣವೊಂದನ್ನೇ ನಂಬಲಾಗದು. ಹಾರಾಡಿ ಸವೆದ ಪತಂಗದ ಹಸಿರು ಮಾಸಿರುತ್ತದೆ. ಮುಂದಿನ ರೆಕ್ಕೆಯ ತುದಿಯನ್ನು ನೋಡಬೇಕು. ಅಲ್ಲಿ ಪುಟ್ಟ ಬಿಳಿ ಚುಕ್ಕೆಯಿದ್ದರೆ ಅದು ಹೈಪೋಥಸ್. ಮರಿಹುಳುಗಳ ಆಹಾರವೂ ಬೇರೆ: ಹೈಪೋಥಸ್‌ಗೆ ಕಾಫಿಯ ಕುಟುಂಬದ ಸಸ್ಯಗಳು, ನೇರಿಯೈಗೆ ಕಣಗಿಲೆ ಮತ್ತು ನಂದಿಬಟ್ಟಲು, ಅಂದರೆ ನೆರೆಯ ಮರಾಠಿಗರ ಕಣ್ಹೇರ ಮತ್ತು ತಗರ. ಈ ಬಗೆಯ ಪತಂಗಗಳ ಕುರಿತು 1937ರಲ್ಲಿ ಸ್ಕಾಟ್‌ರೊಡನೆ ಪ್ರಮಾಣಗ್ರಂಥ ರಚಿಸಿದ ಟಿ. ಆರ್. ಬೆಲ್ ಅರಣ್ಯಾಧಿಕಾರಿಯಾಗಿದ್ದವರು, ನಮ್ಮ ಕಾರವಾರದಲ್ಲಿ ನೆಲೆಸಿದ್ದವರು.

ಗೃಹಸ್ಥರಿಗೆ ಇದಕ್ಕಿಂತ ಮುಖ್ಯವಾದುದು ಹುಳುಗಳ ಗುರುತು. ಕಣಗಿಲೆಯ ಹುಳುವಿನ ಮುಂಭಾಗದಲ್ಲಿ ಎರಡು ನೀಲಿ ಕಣ್ಣುಗಳಂಥ ಮಚ್ಚೆಗಳು, ಬಾಲದಲ್ಲಿ ಗಿಡ್ಡ ಕೊಂಬು. ನೋಟಕ್ಕೆ ಭೀಕರ, ಆದರೆ ಚುಚ್ಚುವುದಿಲ್ಲ, ಕಚ್ಚುವುದಿಲ್ಲ. ಮಾವು, ತೆಂಗು, ಹರಳು ಗಿಡಗಳ ಮೇಲಿನ ಪಾರಾಸಾ ಲೆಪಿಡಾ ಎಂಬ ಚಿಕ್ಕ ಹಸಿರು ಪತಂಗದ ಹುಳು ಹಾಗಲ್ಲ. ನೀಲಿ ಪಟ್ಟೆಗಳುಳ್ಳ ಅದರ ಮೈಮೇಲೆ ಸಾಲುಸಾಲು ಮುಳ್ಳುಗಳಿದ್ದು, ತಗುಲಿದರೆ ಬೆಂಕಿಯಂತೆ ಉರಿಯುತ್ತದೆ. ಉಜ್ಜಬಾರದು. ಅಂಟುಪಟ್ಟಿ ಒತ್ತಿ ಕಿತ್ತು ಮುಳ್ಳುಗಳನ್ನು ತೆಗೆದು, ಸಾಬೂನಿನಿಂದ ತೊಳೆದು, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಡಬೇಕು. ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನಿಜವಾದ ಅಪಾಯವಿರುವುದು ಹುಳುವಿನಲ್ಲಲ್ಲ, ಅದು ನಿಶ್ಚಿಂತೆಯಿಂದ ಮೇಯುವ ಎಲೆಯಲ್ಲಿ. ಕಣಗಿಲೆಯ ಬೇರು, ಎಲೆ, ಹೂ ಎಲ್ಲವೂ ವಿಷ. ಅದರ ಓಲಿಯಾಂಡ್ರಿನ್ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಹುಳು ತಿಂದು ಬದುಕಿತೆಂದು ಮಗುವೂ ಒಂದೆಲೆ ಅಗಿದೀತು! ಹಾಗಾದಲ್ಲಿ ವಾಂತಿ ಮಾಡಿಸುತ್ತ, ಮನೆಮದ್ದು ಹುಡುಕುತ್ತ ಕೂರದೆ, ಎಲೆಯೊಂದನ್ನು ಜತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಹಳದಿ ಕಣಗಿಲೆಯೂ ಇಷ್ಟೇ ಘೋರ. ಪುಟ್ಟ ಮಕ್ಕಳಿರುವ ಮನೆಯ ಬಾಲ್ಕನಿಗೆ ಈ ಗಿಡಗಳು ತಕ್ಕುವಲ್ಲ.

ಅಂಗಳದ ಮೂಲೆಯಲ್ಲಿ, ಮಕ್ಕಳ ಕೈಗೆಟುಕದಂತೆ ಕಣಗಿಲೆಯಿದ್ದರೆ, ಬಲಿತ ಹುಳು ಹಸಿರು ಬಿಟ್ಟು ಕಂದಾಗಿ ಗಿಡದಿಂದ ಇಳಿಯುವುದನ್ನು ಕಾಣಬಹುದು. ಬುಡದ ತರಗೆಲೆಗಳ ನಡುವೆ ಅದು ಕೋಶವಾಗುತ್ತದೆ. ಕೆಲವು ವಾರ ಅಲ್ಲಿ ಗುಡಿಸದಿದ್ದರೆ ಸಾಕು.